ಐದು ಲೀಟರ್ ಪೆಟ್ರೋಲ್ ಕ್ಯಾನ್‌ನಲ್ಲಿ ತಂದು ಇಟ್ಟಿದ್ದೇನೆ, ಈಗ ಏನು ಮಾಡಲಿ?

ಕೋಲಾರದ ಟೀಚರ್

ಎಲ್ಲರಿಗೂ ನಮಸ್ಕಾರ. ನಾನಿರುವುದು ಕೋಲಾರದಲ್ಲಿ. ಶ್ರೀನಿವಾಸಪುರದ ಕಡೆ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಟೀಚರ್. ಮನೆಯಿಂದ ಶಾಲೆಗೆ 17 ಕಿಲೋಮೀಟರ್, ಸ್ಕೂಟರಲ್ಲೇ ಓಡಾಡುತ್ತೇನೆ.

ನಿನ್ನೆ ಶಾಲೆ ಬಿಟ್ಟ ಮೇಲೆ ಫೋನ್ ತೆಗೆದರೆ ನಾಲ್ಕು ಗ್ರೂಪಲ್ಲೂ ಒಂದೇ ಮೆಸೇಜ್. ಟ್ಯಾಂಕರ್‌ನವರು ಗಾಡಿ ನಿಲ್ಲಿಸುತ್ತಾರೆ, ನಾಳೆಯಿಂದ ಪೆಟ್ರೋಲ್ ಸಿಗಲ್ಲ, ಈಗಲೇ ಹಾಕಿಸಿಕೊಳ್ಳಿ ಅಂತ. ಯಾರು ಬರೆದದ್ದು, ಯಾವತ್ತಿನದು, ಒಂದೂ ಇಲ್ಲ. ಜೊತೆಗೆ ಒಂದು ವಿಡಿಯೋ. ಬಂಕ್‌ನಿಂದ ರಸ್ತೆಯವರೆಗೆ ಬೈಕುಗಳ ಸಾಲು, ಬೋರ್ಡೆಲ್ಲ ತೆಲುಗಿನಲ್ಲಿ. ಅದು 2024ರ ಜನವರಿಯಲ್ಲಿ ಹೈದರಾಬಾದ್‌ನಲ್ಲಿ ಆಗಿದ್ದು ಅಂತ ರಾತ್ರಿ ನನ್ನ ತಮ್ಮ ಹೇಳಿದ. ಆ ಹೊತ್ತಿನಲ್ಲಿ ನನಗೆ ಬೋರ್ಡ್ ಕಾಣಲಿಲ್ಲ, ಸಾಲು ಮಾತ್ರ ಕಂಡಿತು.

ಸ್ಕೂಟರಲ್ಲಿ ಎರಡು ಲೀಟರ್ ಇತ್ತು. ನನ್ನ ಗಾಡಿ ಲೀಟರಿಗೆ 45 ಕಿಲೋಮೀಟರ್ ಕೊಡುತ್ತದೆ. ದಿನಕ್ಕೆ 34 ಕಿಲೋಮೀಟರ್ ಓಡಾಟ. ಅಂದರೆ ಇನ್ನೂ ಎರಡೂವರೆ ದಿನ ಆರಾಮಾಗಿ ಓಡುತ್ತಿತ್ತು. ಈ ಲೆಕ್ಕವನ್ನು ನಾನು ಹಾಕಿದ್ದು ರಾತ್ರಿ, ಎಲ್ಲಾ ಮುಗಿದ ಮೇಲೆ.

ಮೊದಲು ಮನೆಗೆ ಬಂದೆ. ಫಿಲ್ಟರ್ ನೀರು ತರುವ ಐದು ಲೀಟರ್ ಕ್ಯಾನ್ ಖಾಲಿ ಇತ್ತು, ಅದನ್ನು ಒರೆಸಿ ಫುಟ್‌ಬೋರ್ಡ್ ಮೇಲಿಟ್ಟುಕೊಂಡು ಹೊರಟೆ. ಬಂಕ್ ಹತ್ತಿರ ಒಂದೂಕಾಲು ಗಂಟೆ ನಿಂತೆ. ಸಾಲು ಮುಂದೆ ಹೋದಷ್ಟೂ ಭಯ ಜಾಸ್ತಿಯಾಯಿತು, ಯಾಕೋ ಗೊತ್ತಿಲ್ಲ. ಮುಂದಿನವರು ಫುಲ್ ಮಾಡಿ ಅಂದಾಗಲೆಲ್ಲ ಎದೆ ಹೊಡೆದುಕೊಳ್ಳುತ್ತಿತ್ತು. ನನ್ನ ಸರದಿ ಬಂದಾಗ ನಾನೂ ಫುಲ್ ಅಂದೆ. ಆಮೇಲೆ ಕ್ಯಾನ್ ಮುಂದೆ ಹಿಡಿದೆ. ಆ ಹುಡುಗ, "ಮೇಡಂ, ಕ್ಯಾನ್‌ಗೆ ಹಾಕಂಗಿಲ್ಲ" ಅಂದ. ನಾನು ಬಿಡಲಿಲ್ಲ. ಟೀಚರ್ ಕಣಪ್ಪ, ಶಾಲೆಗೆ ಹೋಗಬೇಕು, ದೂರ ಇದೆ ಅಂತ ಬಲವಂತ ಮಾಡಿದೆ. ಹಿಂದಿನಿಂದ ಜನ ಕೂಗುತ್ತಿದ್ದರು. ಅವನು ಹಾಕಿಬಿಟ್ಟ.

ನನ್ನ ಹಿಂದೆ ಒಬ್ಬ ತಾತ ನಿಂತಿದ್ದರು, ಟಿವಿಎಸ್ ಎಕ್ಸ್‌ಎಲ್ ಗಾಡಿ. ಹಿಂದೆ ಕಟ್ಟಿದ ಗೋಣಿಚೀಲ ನೋಡಿದ ಮೇಲೆ ಗುರುತು ಸಿಕ್ಕಿತು. ನಮ್ಮ ಬೀದಿಗೆ ಬೆಳಗ್ಗೆ ಸೊಪ್ಪು ತರುವವರು. ದಂಟು, ಸಬ್ಬಸಿಗೆ, ಕೊತ್ತಂಬರಿ. ಅವರು ಕೈಯಲ್ಲಿ ಐವತ್ತು ರೂಪಾಯಿಯ ಒಂದು ನೋಟು ಹಿಡಿದಿದ್ದರು. ಹುಡುಗ ಅವರ ಟ್ಯಾಂಕಿಗೆ ನಾಜಲ್ ಇಟ್ಟ, ಒಂದಿಷ್ಟು ಗಾಳಿ ಬಂದಂತಾಗಿ ನಿಂತುಹೋಯಿತು. ಖಾಲಿ ಅಂದರು. ಸ್ಟಾಕ್ ಇಲ್ಲ ಅಂತ ಬೋರ್ಡ್ ಇಟ್ಟರು.

ನಾನು ಅವರ ಮುಖ ನೋಡಿದೆ. ಅವರು ನನ್ನ ಕ್ಯಾನ್ ನೋಡಿದರು. "ಬಿಡಮ್ಮ, ನಾಳೆ ನೋಡಾಣ" ಅಂದರು, ಅಷ್ಟೇ. ಗಾಡಿ ತಳ್ಳಿಕೊಂಡು ಹೋದರು. ಆಗಲೇ ಅವರ ಟ್ಯಾಂಕಿಗೆ ಸುರಿದುಬಿಡಬಹುದಿತ್ತು. ಕ್ಯಾನ್ ನನ್ನ ಕೈಯಲ್ಲೇ ಇತ್ತು. ನಾನು ಮಾಡಲಿಲ್ಲ. ಸುಮ್ನೆ ಮನೆಗೆ ಬಂದೆ.

ಇವತ್ತು ಬೆಳಗ್ಗೆ ಸೊಪ್ಪು ಬರಲಿಲ್ಲ.

ನಾನು ಚಿಕ್ಕವಳಿದ್ದಾಗ ಅಮ್ಮನ ಜೊತೆ ಸೀಮೆಎಣ್ಣೆಗೆ ನಿಂತದ್ದು ನೆನಪಿದೆ. ಅಲ್ಲೂ ಸಾಲು ಉದ್ದ ಇರುತ್ತಿತ್ತು, ಜಗಳವೂ ಆಗುತ್ತಿತ್ತು. ಆದರೆ ಕಾರ್ಡಿಗೆ ಇಷ್ಟು ಅಂತ ಅಳತೆ ಇತ್ತು. ನಮ್ಮ ಡಬ್ಬ ದೊಡ್ಡದಿದ್ದರೂ ಬೀಳುತ್ತಿದ್ದದ್ದು ಅಷ್ಟೇ. ನಿನ್ನೆ ನನಗೆ ಅಳತೆ ಹೇಳುವವರು ಇರಲಿಲ್ಲ, ನಾನೂ ಹಾಕಿಕೊಳ್ಳಲಿಲ್ಲ.

ಕೇಳಬೇಕಾದದ್ದು ಇಷ್ಟು. ಈ ಕ್ಯಾನ್ ಮನೆಯಲ್ಲಿ ಇಟ್ಟುಕೊಳ್ಳಬಹುದಾ? ನಿಜವಾಗಿಯೂ ಪೆಟ್ರೋಲ್ ಖಾಲಿಯಾಗುತ್ತಿದೆಯಾ, ಅಥವಾ ನಾವೇ ಖಾಲಿ ಮಾಡುತ್ತಿದ್ದೇವಾ? ತಿಳಿದವರು ದಯವಿಟ್ಟು ಹೇಳಿ.

ಅಗ್ನಿಶಾಮಕ ನಿವೃತ್ತ

ಅಮ್ಮಾ, ಉಳಿದದ್ದು ಆಮೇಲೆ. ಕ್ಯಾನ್ ಈಗ ಎಲ್ಲಿದೆ?

ಕೋಲಾರದ ಟೀಚರ್

ಅಡುಗೆಮನೆ ಪಕ್ಕ ಸಾಮಾನು ಇಡುವ ಕೋಣೆ ಇದೆ ಸರ್, ಅಲ್ಲಿ. ಮುಚ್ಚಳ ಬಿಗಿ ಮಾಡಿದ್ದೇನೆ. ಮೇಲೊಂದು ಗೋಣಿ ಹೊದಿಸಿದ್ದೇನೆ.

ಅಗ್ನಿಶಾಮಕ ನಿವೃತ್ತ

ಇದನ್ನು ಓದಿದ ತಕ್ಷಣ ಹೊರಗೆ ತನ್ನಿ. ಆ ಕೋಣೆಯ ಲೈಟ್ ಸ್ವಿಚ್ ಹಾಕಬೇಡಿ, ಉರಿಯುತ್ತಿದ್ದರೆ ಆರಿಸಲೂ ಬೇಡಿ. ಸ್ಟವ್ ಉರಿಯುತ್ತಿದ್ದರೆ ಮೊದಲು ಅದನ್ನು ಆರಿಸಿ, ದೇವರ ದೀಪವನ್ನೂ. ಕ್ಯಾನ್ ತೆಗೆದು ಬಿಸಿಲು ಬೀಳದ, ಗಾಳಿಯಾಡುವ ಜಾಗದಲ್ಲಿ ನೆಲದ ಮೇಲೆ ಇಡಿ. ಮಕ್ಕಳ ಕೈಗೆ ಸಿಗಬಾರದು. ಆಮೇಲೆ ಕಿಟಕಿ ಬಾಗಿಲು ತೆರೆದಿಡಿ.

ಕಾರಣ ಹೇಳುತ್ತೇನೆ. ಉರಿಯುವುದು ಪೆಟ್ರೋಲ್ ಅಲ್ಲ, ಅದರ ಆವಿ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿ ತಗುಲಿದರೆ ಹೊತ್ತಿಕೊಳ್ಳುವಷ್ಟು ಆವಿ ಪೆಟ್ರೋಲ್‌ನಿಂದ ಏಳುತ್ತದೆ. ನಮ್ಮ ಕೋಲಾರದ ಬಿಸಿಲಿಗೆ ಎಷ್ಟು ಏಳಬಹುದು ನೀವೇ ಯೋಚಿಸಿ. ಆ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲೆ ಹೋಗಿ ಚದುರುವುದಿಲ್ಲ, ನೆಲ ಹಿಡಿದು ಹರಿಯುತ್ತದೆ. ಬಾಗಿಲ ಸಂದಿಯಲ್ಲಿ ಪಕ್ಕದ ಕೋಣೆಗೆ ಹೋಗುತ್ತದೆ. ಅಲ್ಲಿ ಸ್ಟವ್ ಇರುತ್ತದೆ, ಫ್ರಿಜ್ ಇರುತ್ತದೆ. ಕ್ಯಾನ್ ಇಲ್ಲಿ, ಬೆಂಕಿ ಅಲ್ಲಿ ಅಂತ ಧೈರ್ಯವಾಗಿರುತ್ತೇವೆ, ನಡುವೆ ಆವಿಯೇ ದಾರಿ ಮಾಡಿರುತ್ತದೆ. ಇಂಥ ಮನೆಗಳಿಗೆ ನಾನು ಹೋಗಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಕಾನೂನೂ ಕೇಳಿ. 1934ರ ಪೆಟ್ರೋಲಿಯಂ ಕಾಯ್ದೆಯಲ್ಲಿ ಮಾರಾಟಕ್ಕಲ್ಲದೆ ಸ್ವಂತಕ್ಕೆ 30 ಲೀಟರ್‌ವರೆಗೆ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಲು ಅವಕಾಶ ಇದೆ. ಆದರೆ ಎಂಥದರಲ್ಲಿ ಅನ್ನುವುದೂ ಅಲ್ಲೇ ಇದೆ. ಲೋಹದ ಡಬ್ಬವಾದರೆ 25 ಲೀಟರ್ ಮೀರಬಾರದು. ಗಾಜು, ಪಿಂಗಾಣಿಯಾದರೆ ಒಂದು ಲೀಟರ್ ಮೀರಬಾರದು. ನೀರಿನ ಪ್ಲಾಸ್ಟಿಕ್ ಕ್ಯಾನಿನ ಮಾತೇ ಅಲ್ಲಿಲ್ಲ. ಪೆಟ್ರೋಲ್ ತೆಳು ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ, ಮುಚ್ಚಳದ ಒಳಗಿನ ವಾಷರ್ ಹಾಳಾಗುತ್ತದೆ. ನೀವು ಬಿಗಿ ಅಂದುಕೊಂಡಿರುವುದು ನಾಳೆಗೆ ಬಿಗಿ ಇರುವುದಿಲ್ಲ.

ಕೋಲಾರದ ಟೀಚರ್

ತಂದಿಟ್ಟೆ ಸರ್. ಹಿತ್ತಲಿನ ತೊಳೆಯುವ ಕಲ್ಲಿನ ಹತ್ತಿರ, ನೆರಳಲ್ಲಿದೆ. ಕೋಣೆ ಬಾಗಿಲು ತೆಗೆದಾಗ ವಾಸನೆ ಗಪ್ಪಂತ ಬಂತು. ರಾತ್ರಿಯಿಡೀ ಅದರ ಪಕ್ಕದ ಕೋಣೆಯಲ್ಲಿ ಮಕ್ಕಳು ಮಲಗಿದ್ದರು. ಕೈ ನಡುಗುತ್ತಿದೆ.

ಹೈವೇ ಬಂಕ್

ಟೀಚರ್, ನಾನು ಬಂಕ್‌ನಲ್ಲಿ ಮ್ಯಾನೇಜರ್. ಹನ್ನೊಂದು ವರ್ಷವಾಯಿತು, ನರಸಾಪುರದ ಕಡೆ. ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ನಮ್ಮ ಭಾಗಕ್ಕೆ ಎಣ್ಣೆ ಬರುವುದು ಜಾಸ್ತಿಯಾಗಿ ಹೊಸಕೋಟೆ ತಾಲ್ಲೂಕಿನ ದೇವನಗುಂದಿ ಡಿಪೋಗಳಿಂದ. ಅಲ್ಲಿಗೆ ಮಂಗಳೂರಿನಿಂದ ಹಾಸನದ ಮೇಲೆ ಪೈಪ್‌ಲೈನ್ ಇದೆ, 360 ಕಿಲೋಮೀಟರಿಗೂ ಜಾಸ್ತಿ. ಚೆನ್ನೈ ಕಡೆಯಿಂದ ಇನ್ನೊಂದು ಪೈಪ್‌ಲೈನ್. ಚಾಲಕರು ಗಾಡಿ ನಿಲ್ಲಿಸಿದರೆ ಪೈಪ್‌ಲೈನ್ ನಿಲ್ಲುವುದಿಲ್ಲ. ನಿಲ್ಲುವುದು ದೇವನಗುಂದಿಯಿಂದ ನಮ್ಮ ಬಂಕಿನವರೆಗಿನ ಕೊನೆಯ ದಾರಿ, ಟ್ಯಾಂಕರಲ್ಲಿ ಒಂದೂವರೆ ಗಂಟೆಯ ದಾರಿ. ಅಂದರೆ ಪೆಟ್ರೋಲ್ ಇಲ್ಲ ಅಂತಲ್ಲ, ಇಲ್ಲಿಗೆ ಬರುವುದು ತಡ. ಒಂದು ದಿನ, ಎರಡು ದಿನದ ತಡವನ್ನು ನಮ್ಮ ನೆಲದೊಳಗಿನ ಟ್ಯಾಂಕ್ ತಡೆದುಕೊಳ್ಳುತ್ತದೆ. ಅದಕ್ಕೆಂದೇ ಆ ಟ್ಯಾಂಕ್ ಇರುವುದು. ಆದರೆ ಜನ ಎಂದಿನಂತೆ ಹಾಕಿಸಿಕೊಂಡರೆ ಮಾತ್ರ.

ಎಂದಿನಂತೆ ಅಂದರೆ ಹೇಗೆ? ಬೈಕಿನವರು ನೂರಕ್ಕೆ ಹಾಕಿ, ಇನ್ನೂರಕ್ಕೆ ಹಾಕಿ ಅನ್ನುತ್ತಾರೆ. ಲೀಟರಿಗೆ ನೂರು ದಾಟಿರುವಾಗ ಒಂದು, ಎರಡು ಲೀಟರ್. ಒಂದು ಲೋಡಲ್ಲಿ 8,000 ಲೀಟರ್ ಪೆಟ್ರೋಲ್ ಇಳಿಯಿತು ಅಂದುಕೊಳ್ಳಿ. ಎರಡೆರಡು ಲೀಟರಿನಂತೆ 4,000 ಗಾಡಿಗೆ ಆಗುತ್ತದೆ. ಎಲ್ಲರೂ ಐದು ಲೀಟರ್ ಹಾಕಿಸಿದರೆ 1,600 ಗಾಡಿಗೆ ಮುಗಿಯಿತು. ನಿಮ್ಮ ಹಾಗೆ ಟ್ಯಾಂಕಿಗೆ ಮೂರು, ಕ್ಯಾನ್‌ಗೆ ಐದು ಅಂದರೆ ಸಾವಿರಕ್ಕೇ ಖಾಲಿ. ಲೋಡು ಅಷ್ಟೇ ಬಂದಿರುತ್ತದೆ, ಮೂರು ಸಾವಿರ ಜನ ಬರಿಗೈಯಲ್ಲಿ ಹೋಗುತ್ತಾರೆ. ಬೇಸರ ಮಾಡಿಕೊಳ್ಳಬೇಡಿ, ನಿಮ್ಮೊಬ್ಬರನ್ನೇ ಹೇಳುತ್ತಿಲ್ಲ.

ಜನ ಗೊತ್ತಿಲ್ಲದೆ ಜಗಳ ಮಾಡುವ ವಿಷಯವೊಂದಿದೆ, ಅದನ್ನೂ ಹೇಳಿಬಿಡುತ್ತೇನೆ. ಟ್ಯಾಂಕರ್ ಬಂದ ಮೇಲೆ ಇಳಿಸುವ ಮೊದಲು ಡಿಪ್ ರಾಡ್ ಹಾಕಿ ಅಳತೆ ನೋಡಬೇಕು, ಡೆನ್ಸಿಟಿ ನೋಡಬೇಕು, ನೀರು ಸೇರಿದೆಯಾ ನೋಡಬೇಕು. ಇಳಿಸುವಾಗ ಆ ಟ್ಯಾಂಕಿನ ನಾಜಲ್ ಎಲ್ಲಾ ಬಂದ್ ಮಾಡಲೇಬೇಕು. ಸುರಕ್ಷತೆಗೆ. ಹೊರಗೆ ಇನ್ನೂರು ಜನ ನಿಂತಿರುತ್ತಾರೆ. ಟ್ಯಾಂಕರ್ ಕಣ್ಣ ಮುಂದೆ ಇದೆ, ಆದರೂ ಹಾಕುತ್ತಿಲ್ಲ, ಬಚ್ಚಿಡುತ್ತಿದ್ದಾರೆ ಅಂತ ಕೂಗುತ್ತಾರೆ. ಅದನ್ನೇ ಯಾರೋ ವಿಡಿಯೋ ಮಾಡುತ್ತಾರೆ. ಅದು ಇನ್ನೊಂದು ಊರಿನಲ್ಲಿ ಸಾಲು ಕಟ್ಟಿಸುತ್ತದೆ. ನಮ್ಮ ಹುಡುಗರು ಹದಿನಾಲ್ಕು ಗಂಟೆ ನಿಂತು ಕೆಲಸ ಮಾಡಿ ಬೈಗುಳ ತಿಂದು ಮನೆಗೆ ಹೋಗುತ್ತಾರೆ. ನಿನ್ನೆ ನಿಮಗೆ ಹಾಕಿದ ಹುಡುಗನೂ ಹಾಗೇ ಇದ್ದಿರುತ್ತಾನೆ. ಕ್ಯಾನ್‌ಗೆ ಹಾಕಿದ್ದಕ್ಕೆ ಮೇಲಿನವರು ಕೇಳಿದರೆ ಕೆಲಸ ಹೋಗುವುದು ಅವನದು. ಇದನ್ನು ನೀವು ತಿಳಿದಿರಬೇಕು ಅಂತ ಹೇಳಿದೆ.

2024ರ ಜನವರಿಯ ಮಾತು ಬಂತಲ್ಲ. ಅಪಘಾತ ಮಾಡಿ ಹೇಳದೆ ಓಡಿಹೋದರೆ ಹತ್ತು ವರ್ಷದವರೆಗೆ ಜೈಲು ಅನ್ನುವ ಹೊಸ ಕಾನೂನಿನ ಅಂಶಕ್ಕೆ ಲಾರಿ ಚಾಲಕರು ಗಾಡಿ ನಿಲ್ಲಿಸಿದ್ದರು. 2ನೇ ತಾರೀಖು ಹೈದರಾಬಾದ್‌ನಲ್ಲಿ ಬಂಕ್‌ಗಳ ಮುಂದೆ ಕಿಲೋಮೀಟರ್‌ಗಟ್ಟಲೆ ಸಾಲು. ಅದೇ ರಾತ್ರಿ ದೆಹಲಿಯಲ್ಲಿ ಮಾತುಕತೆಯಾಗಿ ಕೆಲಸಕ್ಕೆ ವಾಪಸ್ ಹೋಗಿ ಅಂತ ಸಂಘದವರೇ ಹೇಳಿದರು. ಚಂಡೀಗಢದಲ್ಲಿ ಮಾತ್ರ ಆಡಳಿತದವರು ಆ ದಿನವೇ ಮಿತಿ ಹಾಕಿದ್ದರು. ಬೈಕಿಗೆ ಎರಡು ಲೀಟರ್, ಕಾರಿಗೆ ಐದು ಲೀಟರ್. ನನ್ನ ಅನುಭವದಲ್ಲಿ ಕೆಲಸ ಮಾಡುವುದು ಅದೊಂದೇ. ನಾನೂ ಇವತ್ತು ಬೆಳಗ್ಗೆಯಿಂದ ಬೈಕಿಗೆ ಇನ್ನೂರು ರೂಪಾಯಿ ಅಂತ ರಟ್ಟಿನ ಮೇಲೆ ಬರೆದು ನೇತುಹಾಕಿದ್ದೇನೆ. ಮೊದಲ ಒಂದು ಗಂಟೆ ಗಲಾಟೆ ಆಯಿತು. ಆಮೇಲೆ ಸಾಲು ತಾನೇ ಚಿಕ್ಕದಾಯಿತು. ಅರ್ಧ ಟ್ಯಾಂಕ್ ಇದ್ದವರು ಇನ್ನೂರಕ್ಕಾಗಿ ಯಾಕೆ ನಿಲ್ಲಲಿ ಅಂತ ಹೊರಟರು.

ಮಾವಿನ ತೋಟ

ಎಲ್ಲಾ ಸರಿ. ನಮ್ಮ ಕಡೆಯ ಮಾತೂ ಸ್ವಲ್ಪ ಕೇಳಿ. ನಮ್ಮೂರಿಂದ ಬಂಕ್ 14 ಕಿಲೋಮೀಟರ್. ಇನ್ನೂರಕ್ಕೆ ಮಿತಿ ಮಾಡಿದರೆ ಹೋಗಿಬರುವುದಕ್ಕೇ ಅದರಲ್ಲಿ ಅರ್ಧ ಲೀಟರಿನಷ್ಟು ಹೋಗುತ್ತದೆ. ಪೇಟೆಯವರಿಗೂ ನಮಗೂ ಒಂದೇ ಅಳತೆ ಹೇಗಾಗುತ್ತದೆ? ಇನ್ನು ಕ್ಯಾನ್ ವಿಷಯ. ಔಷಧಿ ಹೊಡೆಯುವ ಪವರ್ ಸ್ಪ್ರೇಯರ್ ಪೆಟ್ರೋಲಲ್ಲಿ ಓಡುವುದು. ಮಾವು ಹೂವು ಬಿಟ್ಟಾಗ ಜಿಗಿಹುಳ ಬಿದ್ದರೆ ಎರಡು ದಿನ ತಡೆಯಲು ಆಗುವುದಿಲ್ಲ. ಟೊಮೆಟೊಗೆ ಅಂಗಮಾರಿ ಬಂದರೆ ಒಂದು ದಿನವೂ ಇಲ್ಲ. ಸ್ಪ್ರೇಯರ್ ಹೊತ್ತುಕೊಂಡು ಬಂಕ್‌ಗೆ ಬರಲಾ? ಕ್ಯಾನ್ ಹಿಡಿದವರೆಲ್ಲ ದುರಾಸೆಯವರು ಅಂತ ನೋಡಬೇಡಿ. ನಮಗೆ ಕ್ಯಾನ್ ಬೇಕೇ ಬೇಕು.

ಟೀಚರಮ್ಮನ ಮೇಲೆ ನನಗೆ ಕೋಪ ಇಲ್ಲ. ಭಯ ಆದರೆ ಯಾರಾದರೂ ಹಾಗೇ ಮಾಡುತ್ತಾರೆ.

ಹೈವೇ ಬಂಕ್

ಅಣ್ಣ, ನಿಮ್ಮ ಮಾತು ನ್ಯಾಯ. ದೂರದ ಹಳ್ಳಿಯವರಿಗೆ ಈ ಮಿತಿಯಿಂದ ತೊಂದರೆ ಆಗುತ್ತದೆ, ಅದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರ ಇಲ್ಲ. ಸ್ಪ್ರೇಯರಿಗೆ ಬೇಕಾದರೆ ತಗಡಿನ ಡಬ್ಬ ತನ್ನಿ, ಬೆಳಗ್ಗೆ ಆರಕ್ಕೆ ಬನ್ನಿ, ಸಾಲು ಇರುವುದಿಲ್ಲ. ಮಾಲೀಕರ ಹತ್ತಿರ ನಾನು ಮಾತಾಡುತ್ತೇನೆ. ಡಬ್ಬವನ್ನು ಗಾಡಿ ಮೇಲೆ ಇಟ್ಟು ತುಂಬಿಸಬೇಡಿ, ನೆಲದ ಮೇಲಿಟ್ಟು ತುಂಬಿಸಬೇಕು. ಗಾಡಿ ಮೇಲಿದ್ದರೆ ಸ್ಟ್ಯಾಟಿಕ್ ಕರೆಂಟಿನ ಕಿಡಿ ಹಾರಬಹುದು.

ಕೆಜಿಎಫ್ ನರ್ಸ್

ನಾನು ಕೆಜಿಎಫ್‌ನವಳು, ಈಗ ಇಂಗ್ಲೆಂಡಿನಲ್ಲಿ ನರ್ಸ್. 2021ರ ಸೆಪ್ಟೆಂಬರ್ ಕೊನೆಯಲ್ಲಿ ಇಲ್ಲೂ ಹೀಗೇ ಆಯಿತು, ಅದಕ್ಕೇ ಬರೆಯಬೇಕು ಅನ್ನಿಸಿತು. ಇಲ್ಲಿ ಪೆಟ್ರೋಲ್ ಕಡಿಮೆ ಇರಲಿಲ್ಲ, ಲಾರಿ ಓಡಿಸುವವರು ಕಡಿಮೆ ಇದ್ದರು. ಕೆಲವೇ ಬಂಕ್ ಮುಚ್ಚಿದ ಸುದ್ದಿ ಟಿವಿಯಲ್ಲಿ ಬಂತು. ಮುಂದಿನ ನಾಲ್ಕೈದು ದಿನ ಊರೆಲ್ಲ ಸಾಲು. ಕೆಲವು ಕಡೆ 30 ಪೌಂಡಿಗಿಂತ ಜಾಸ್ತಿ ಹಾಕುವುದಿಲ್ಲ ಅಂದರು. ಅಕ್ಟೋಬರ್ 4ರಿಂದ ಸೈನಿಕರು ಬಂದು ಟ್ಯಾಂಕರ್ ಓಡಿಸಿದರು.

ನನಗೆ ಆಗ ರಾತ್ರಿ ಪಾಳಿ. ಕಾರಲ್ಲಿ ಕೆಂಪು ದೀಪ ಉರಿಯುತ್ತಿತ್ತು. ಮೂರು ಬಂಕ್ ಸುತ್ತಿದೆ, ಮೂರೂ ಖಾಲಿ. ನನ್ನ ಬದಲಿಗೆ ಬರಬೇಕಾದವಳೂ ಸಿಕ್ಕಿಹಾಕಿಕೊಂಡಿದ್ದಳು. ಹಗಲು ಪಾಳಿಯವಳು ಹದಿನಾರು ಗಂಟೆ ವಾರ್ಡಲ್ಲಿ ಇದ್ದಳು. ಸಾಲಿನಲ್ಲಿ ಮುಕ್ಕಾಲು ಟ್ಯಾಂಕ್ ಇದ್ದವರೂ ನಿಂತಿದ್ದರು, ಅವರು ಕೆಟ್ಟವರಲ್ಲ. ಅವರಿಗೆ ವಾರ್ಡ್ ಕಾಣುತ್ತಿರಲಿಲ್ಲ, ಅಷ್ಟೇ. ಅಕ್ಕ, ನಿಮಗೆ ಸೊಪ್ಪಿನ ತಾತ ಕಂಡಿದ್ದಾರೆ. ಹುಡುಕಿ ಕೊಟ್ಟುಬಿಡಿ.

ಬಂಗಾರಪೇಟೆ ಹುಡುಗ

ದೇಶದಲ್ಲಿ ಒಂಬತ್ತೇ ದಿನಕ್ಕಾಗುವಷ್ಟು ಎಣ್ಣೆ ಇರುವುದು ಅಂತಲೂ ಮೆಸೇಜ್ ಓಡಾಡುತ್ತಿದೆ. ಇದು ನಿಜವಾ?

ಹೈವೇ ಬಂಕ್

ಅರ್ಧ ಮಾತು ಅದು ತಮ್ಮ. ಸರ್ಕಾರ ತುರ್ತಿಗೆ ಅಂತ ನೆಲದೊಳಗೆ ಬಂಡೆ ಕೊರೆದು ಕಚ್ಚಾ ತೈಲ ಇಡುವ ಜಾಗ ಮಾಡಿದೆ. ವಿಶಾಖಪಟ್ಟಣ, ನಮ್ಮ ಮಂಗಳೂರು, ಉಡುಪಿ ಜಿಲ್ಲೆಯ ಪಾದೂರು. ಮೂರೂ ಸೇರಿ 53 ಲಕ್ಷ ಟನ್‌ಗೆ ಸ್ವಲ್ಪ ಜಾಸ್ತಿ ಹಿಡಿಯುತ್ತವೆ. ಅವು ಪೂರ್ತಿ ತುಂಬಿದ್ದರೆ ದೇಶಕ್ಕೆ ಒಂಬತ್ತು, ಒಂಬತ್ತೂವರೆ ದಿನಕ್ಕಾಗುತ್ತದೆ ಅನ್ನುವ ಲೆಕ್ಕ ಅದು. ರಿಫೈನರಿಗಳಲ್ಲಿ, ಡಿಪೋಗಳಲ್ಲಿ, ಪೈಪ್‌ಲೈನ್ ಒಳಗೆ, ಬಂಕ್‌ಗಳಲ್ಲಿ ಇರುವುದು ಅದರಲ್ಲಿ ಸೇರಿಲ್ಲ. ಫಾರ್ವರ್ಡ್ ಮಾಡಬೇಡಿ.

ಕೋಲಾರದ ಟೀಚರ್

ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮಿಸಿ.

ನಮ್ಮ ಬೀದಿಯ ಕೊನೆಯಲ್ಲಿ ಹೂವು ಮಾರುವಮ್ಮನಿಗೆ ತಾತನ ಊರು ಗೊತ್ತಿತ್ತು. ಪೇಟೆಯಿಂದ ಆರು ಕಿಲೋಮೀಟರ್. ಕ್ಯಾನನ್ನು ಸ್ಕೂಟರಲ್ಲಿ ಒಯ್ಯಲು ಧೈರ್ಯ ಬರಲಿಲ್ಲ. ಮೊದಲು ನಾನೇ ಹೋಗಿ ಮಾತಾಡಿಸಿ ಬಂದೆ. ಅವರು ಆ ದಿನ ಗಾಡಿ ತಳ್ಳಿ ಮನೆ ಸೇರಿದಾಗ ಹತ್ತು ಗಂಟೆಯಾಗಿತ್ತಂತೆ. ಕಿತ್ತಿಟ್ಟಿದ್ದ ಕೊತ್ತಂಬರಿಯನ್ನು ಮಾರನೇ ದಿನ ದನಕ್ಕೆ ಹಾಕಿದರಂತೆ. ಇದನ್ನೆಲ್ಲ ಅವರು ಹೇಳಲಿಲ್ಲ, ಅವರ ಸೊಸೆ ಹೇಳಿದಳು. ನಾನು ತಪ್ಪಾಯಿತು ತಾತ ಅಂದೆ. ಅವರಿಗೆ ಏನು ಹೇಳಬೇಕೋ ತಿಳಿಯಲಿಲ್ಲ. "ಕೂತ್ಕೋಮ್ಮ, ಮಜ್ಜಿಗೆ ಕುಡಿ" ಅಂದರು.

ಇವತ್ತು ಬೆಳಗ್ಗೆ ಯಾರದೋ ಹತ್ತಿರ ಅರ್ಧ ಲೀಟರ್ ಇಸ್ಕೊಂಡು ಅವರೇ ಬೀದಿಗೆ ಬಂದರು. ನಿವೃತ್ತ ಸರ್ ಹೇಳಿದ ಎಚ್ಚರಿಕೆಯನ್ನೆಲ್ಲ ನೆನಪಿಟ್ಟುಕೊಂಡು, ಎಂಜಿನ್ ಪೂರ್ತಿ ತಣ್ಣಗಾಗುವವರೆಗೆ ಕಾದು, ಬಯಲಲ್ಲಿ ಆಲಿಕೆ ಇಟ್ಟು ಎಕ್ಸ್‌ಎಲ್‌ಗೆ ಮೂರು ಲೀಟರ್ ಸುರಿದೆವು. ಬೀಡಿ ಸೇದುತ್ತಾ ನಿಂತಿದ್ದ ಒಬ್ಬರನ್ನು ದೂರ ಕಳಿಸಿದೆ. ತಾತ ದುಡ್ಡು ಕೊಡಲು ಬಂದರು. ಪೆಟ್ರೋಲ್ ಮಾರಿದ ಹಾಗಾಗುತ್ತದೆ, ಬೇಡ ಅಂದೆ. ಎರಡು ಕಟ್ಟು ದಂಟಿನ ಸೊಪ್ಪು ಮೆಟ್ಟಿಲ ಮೇಲಿಟ್ಟು ಹೋದರು. ಉಳಿದ ಎರಡು ಲೀಟರ್ ಪಕ್ಕದ ಮನೆಯ ಆಶಾ ಕಾರ್ಯಕರ್ತೆಯ ಸ್ಕೂಟರಿಗೆ ಹೋಯಿತು.

ಶಾಲೆಗೆ ಈ ವಾರ ನಾವು ಇಬ್ಬರು ಟೀಚರ್‌ಗಳು ಒಂದೇ ಗಾಡಿಯಲ್ಲಿ ಹೋಗುತ್ತಿದ್ದೇವೆ. ಬಂಕ್‌ನ ಆ ಹುಡುಗನನ್ನೂ ನೋಡಿ ಬಂದೆ. ಕೆಲಸದಲ್ಲೇ ಇದ್ದಾನೆ. ಅಲ್ಲೂ ಈಗ ಇನ್ನೂರರ ಬೋರ್ಡ್ ಹಾಕಿದ್ದಾರೆ, ಸಾಲು ಹತ್ತು ಗಾಡಿ ಇತ್ತು.

ಒಂದೇ ಒಂದು ಕೇಳುವುದಿದೆ. ಖಾಲಿ ಕ್ಯಾನನ್ನು ಸೋಪು ಹಾಕಿ ಚೆನ್ನಾಗಿ ತೊಳೆದರೆ ನೀರಿಗೆ ಬಳಸಬಹುದಾ?

ಅಗ್ನಿಶಾಮಕ ನಿವೃತ್ತ

ಬೇಡಮ್ಮ. ಎಷ್ಟು ತೊಳೆದರೂ ಬೇಡ. ಖಾಲಿ ಕ್ಯಾನ್ ಅಂತ ಒಲೆ ಹತ್ತಿರವೂ ಬಿಡಬೇಡಿ, ತುಂಬಿದ ಕ್ಯಾನಿಗಿಂತ ಖಾಲಿ ಕ್ಯಾನಲ್ಲೇ ಆವಿ ಜಾಸ್ತಿ ಉಳಿದಿರುತ್ತದೆ. ಮುಚ್ಚಳ ತೆಗೆದು, ಮಕ್ಕಳ ಕೈಗೆ ಸಿಗದ ಹಾಗೆ ಬಯಲಿನ ನೆರಳಲ್ಲಿ ಎರಡು ಮೂರು ದಿನ ಬಿಡಿ. ಆಮೇಲೆ ಚಾಕುವಿನಿಂದ ತೂತು ಮಾಡಿ, ಮತ್ತೆ ಯಾರೂ ನೀರು ತುಂಬದ ಹಾಗೆ, ಕಸದ ಗಾಡಿಯವರಿಗೆ ಹೇಳಿ ಕೊಡಿ.